ಅರ್ತಾತಾ?

ಮೌನೇಶಾಚಾರ್ರಿಗೆ ಗಡ್ಡವಿರಲಿಲ್ಲ, ಆಶ್ರಮವೂ ಇರಲಿಲ್ಲ. ಹರಿಹರದಲ್ಲಿ ಹೊಳೆದಂಡೆಗೆ ಇಳಿಯುವ ದಾರಿಯಲ್ಲಿ ಒಂದು ತಗಡಿನ ಶೆಡ್ಡು ಇತ್ತು. ಸುಸ್ತಾದ ಗಾಡಿಗಳು ಅಲ್ಲಿಗೆ ಬಂದು ನಿಲ್ಲುತ್ತಿದ್ದವು.

ಹುಟ್ಟಿನಿಂದ ಅವರು ಅಕ್ಕಸಾಲಿ. ಮೂವತ್ತು ವರ್ಷ ಮೂಗುತಿಗೂ ಬೆಂಡೋಲೆಗೂ ಬೆಸುಗೆ ಹಾಕಿದ ಕೈ. ಒಂದು ದಿನ ಯಾರೋ ಡ್ರೈವರು ಕಾರಿನ ಕಂಪ್ಯೂಟರು ಹಿಡಿದು ಬಂದ. ಇದರೊಳಗೆ ಬೆಸುಗೆ ಕೂದಲಿನಷ್ಟು ಬಿಟ್ಟುಕೊಂಡಿದೆಯಂತೆ, ನಿಮ್ಮ ಕೈಲಾದರೂ ಆದೀತಾ ಎಂದು ಕೇಳಿದ. ಆಯಿತು. ಅಲ್ಲಿಂದಾಚೆ ಬಂಗಾರ ಬಿಟ್ಟುಹೋಯಿತು, ಇದು ಗಂಟುಬಿತ್ತು.

ಈಗ ಅವರಿಗೆ ಅರವತ್ತೆಂಟು. ಮಧ್ಯಾಹ್ನದ ಮೇಲೆ ಬೆರಳು ನಡುಗುತ್ತವೆ. ಕೆಲಸ ಬಿಡಬೇಕೆಂದು ನಾಲ್ಕು ವರ್ಷದಿಂದ ಹೇಳುತ್ತಿದ್ದರು. ಗಾಡಿಗಳು ಬಿಡುತ್ತಿರಲಿಲ್ಲ.

ಶಿಷ್ಯ ಒಬ್ಬನೇ, ಹಾಲೇಶ. ಚಿಕ್ಕವನೇನಲ್ಲ, ಮೂವತ್ತಾರು ವಯಸ್ಸು, ಎರಡು ಮಕ್ಕಳ ತಂದೆ. ಹನ್ನೆರಡು ವರ್ಷ ಡೀಸೆಲ್ ಪಂಪು ಬಿಚ್ಚಿ ಕಟ್ಟಿದವನು. ಹೊಸ ಗಾಡಿಗಳಲ್ಲಿ ಎಲ್ಲಾ ಕಂಪ್ಯೂಟರಿನದೇ ಕಾರುಬಾರು ಎಂದು ಗೊತ್ತಾದ ಮೇಲೆ ಆಚಾರ್ರ ಹತ್ತಿರ ಬಂದ. ಬಂದು ಎರಡು ವರ್ಷವಾಗಿತ್ತು.

ಆಚಾರ್ರು ಬಾಯಿಬಿಟ್ಟು ಕಲಿಸಿದ್ದು ಕಡಿಮೆ. ಮಾತಾಡಿದರೂ ದಣಿವಾಗುತ್ತದೆ ಎನ್ನುವ ಪೈಕಿ. ಕಂಪ್ಯೂಟರಿನೊಳಗಿನ ಬೋರ್ಡನ್ನು ಅವನ ಕೈಗೆ ಕೊಡುವ ಮೊದಲು ಮಾತ್ರ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ.

“ಅರ್ತಾತಾ?”

“ಆತ್ರೀ,” ಎನ್ನುತ್ತಿದ್ದ ಹಾಲೇಶ.

ಅಷ್ಟಾದರೆ ಬೋರ್ಡು ಕೈಗೆ ಬರುತ್ತಿತ್ತು.

ನಿಜ ಹೇಳಬೇಕೆಂದರೆ ಎಷ್ಟೋ ಸಲ ಅವನಿಗೆ ಅರ್ಧಂಬರ್ಧವೇ ತಿಳಿದಿರುತ್ತಿತ್ತು. ಆದರೆ ಗುರು ಕೇಳಿದಾಗ ಇಲ್ಲ ಎನ್ನುವುದು ಹೇಗೆ? ಇಲ್ಲ ಎಂದರೆ ಅವರು ಮತ್ತೆ ಮೊದಲಿಂದ ಹೇಳಬೇಕು. ಆ ಮುಖ ನೋಡಿದರೆ ಪಾಪ ಅನಿಸುತ್ತಿತ್ತು.

ಆಚಾರ್ರಿಗೆ ಇನ್ನೂ ಕೆಲವು ಪದ್ಧತಿಗಳಿದ್ದವು. ಬೆಳಗ್ಗೆ ಬಂದ ಕೂಡಲೇ ಹೊಳೆಯಿಂದ ಒಂದು ಕೊಡ ನೀರು ತಂದು ಶೆಡ್ಡಿನ ಹಿಂದಿನ ಗುಂಡಿಗೆ ಸುರಿಯುತ್ತಿದ್ದರು. ಕೆಲಸಕ್ಕೆ ಕೂರುವ ಮೊದಲು ಗೋಡೆಯ ಕಬ್ಬಿಣದ ಪೈಪನ್ನು ಅಂಗೈಯಿಂದ ಮುಟ್ಟುತ್ತಿದ್ದರು.

ಗಂಗೆಗೆ ನಡೆದುಕೊಳ್ಳುತ್ತಾರೆ ಎಂದುಕೊಂಡ ಹಾಲೇಶ. ದೊಡ್ಡವರ ಭಕ್ತಿ ದೊಡ್ಡವರಿಗೆ. ತಾನೂ ಕೂರುವ ಮೊದಲು ಆ ಪೈಪಿಗೆ ಕೈಮುಗಿಯುತ್ತಿದ್ದ, ಮೈಲಿಗೆಯಾಗದಂತೆ ದೂರದಿಂದ.

ಶಿವರಾತ್ರಿ ಕಳೆದ ಮೇಲಿನ ಒಂದು ಬುಧವಾರ. ಚಳಿ ಹೋಗಿತ್ತು, ಗಾಳಿ ಒಣಗಿ ತುಟಿ ಒಡೆಯುತ್ತಿತ್ತು. ಕೊಟ್ರೇಶಪ್ಪನ ವ್ಯಾನು ಏದುಸಿರು ಬಿಡುತ್ತಾ ಬಂದು ಶೆಡ್ಡಿನ ಮುಂದೆ ನಿಂತಿತು.

“ಪಿಕಪ್ ಇಲ್ರೀ ಆಚಾರ್ರೇ. ಹತ್ತು ಕಿಲೋಮೀಟರು ಚಲೋ ಓಡ್ತೈತಿ. ಆಮೇಲೆ ಎಷ್ಟು ತುಳಿದ್ರೂ ಮೂವತ್ತರ ಮೇಲೆ ಹೋಗಂಗಿಲ್ಲ.”

ಕೊಟ್ರೇಶಪ್ಪ ಆ ವ್ಯಾನಿನ ಹಿಂದಿನ ಸೀಟು ಕಿತ್ತು ಒಂದು ಮಂಚ ಕೂರಿಸಿದ್ದ. ಅವನ ತಂಗಿ ಚಂದ್ರವ್ವನ ಎರಡೂ ಕಿಡ್ನಿ ಹೋಗಿದ್ದವು. ಮಂಗಳವಾರ, ಗುರುವಾರ, ಶನಿವಾರ ಅವಳನ್ನು ಮಲಗಿಸಿಕೊಂಡು ದಾವಣಗೆರೆಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕು.

“ನಿನ್ನೆ ಬೈಪಾಸಿನ ಏರಿನಾಗ ಕೈಕೊಟ್ತು. ನಾವು ಮುಟ್ಟೋ ಹೊತ್ತಿಗೆ ಮಷೀನು ಬೇರೆಯವರಿಗೆ ಕೊಟ್ಟಿದ್ರು. ಕಾಲು ಹಿಡಿದ ಮೇಲೆ ಅರ್ಧ ತಾಸು ಮಾಡಿ ಕಳಿಸಿದ್ರು. ಇವತ್ತು ಮುಖ ಎಲ್ಲಾ ಬಾತೈತಿ. ನಾಳೆ ತಪ್ಪಿದ್ರೆ ನೀರು ಎದೀಗೆ ಏರ್ತೈತಿ ಅಂದಾರ.”

“ನಾಳೆ ಎಷ್ಟೊತ್ತಿಗೆ ಹೋಗ್ಬೇಕು?” ಎಂದರು ಆಚಾರ್ರು.

“ಮುಂಜಾನೆ ಆರಕ್ಕೆ ಬಿಡ್ಬೇಕ್ರೀ.”

ಹಾಲೇಶ ಸ್ಕ್ಯಾನರು ಚುಚ್ಚಿದ. ಪರದೆ ತುಂಬ ಬರಹ ಬಂತು.

“ನಾಕು ಕೋಡ್ ತೋರಿಸ್ತೈತ್ರೀ. ಪೆಡಲಿನ ಸೆನ್ಸರು, ಟರ್ಬೋದ್ದು, ಡೀಸೆಲ್ ಪ್ರೆಶರಿಂದು, ಇನ್ನೊಂದು. ನಾಕೂ ಕೆಟ್ಟಾವು. ನಾಕೂ ಹೊಸಾವು ತರಿಸೋಣ.”

“ಒಂದೇ ಮನಿಯಾಗ ನಾಕು ಮಂದಿಗೆ ಒಂದೇ ದಿನ ವಾಂತಿ ಆದ್ರೆ,” ಎಂದರು ಆಚಾರ್ರು, “ನೀ ನಾಕು ಮಂದಿ ಹೊಟ್ಟಿ ಕೊಯ್ತೀಯೋ, ಅಡಿಗಿ ಏನಿತ್ತು ಅಂತ ಕೇಳ್ತೀಯೋ?”

ಹಾಲೇಶ ಪರದೆಯನ್ನು ಮತ್ತೊಮ್ಮೆ ಓದಿದ.

“ಈ ನಾಕೂ ಎಲ್ಲಿಂದ ಉಣ್ತಾವು?” ಎಂದರು ಆಚಾರ್ರು.

“ಕಂಪ್ಯೂಟರು ಕೊಡೋ ಐದು ವೋಲ್ಟಿನಿಂದ.”

“ಅದನ್ನ ಅಳಿ.”

ಅಳೆದ. ಬಂದು ನಿಂತು ತಾಸಾಗಿ ಗಾಡಿ ತಣ್ಣಗಾಗಿತ್ತು, ಸರಿಯಾಗಿ ಐದು ಬಂತು. ಗೆದ್ದವನ ಹಾಗೆ ಗುರುವಿನ ಮುಖ ನೋಡಿದ.

“ಬಿಸಿ ಆಗ್ಲಿ,” ಎಂದು ಆಚಾರ್ರು ಒಂದು ಟೈರಿನ ಮೇಲೆ ಕೂತು ಕಣ್ಣು ಮುಚ್ಚಿದರು.

ಇಂಜಿನ್ನು ಮುಕ್ಕಾಲು ತಾಸು ಓಡಿತು. ಮೀಟರಿನಲ್ಲಿ ಐದು ಇದ್ದದ್ದು ನಾಲ್ಕೂವರೆಯಾಯಿತು, ಮೂರೂವರೆಯಾಯಿತು. ಇಂಜಿನ್ನಿನ ದನಿ ಕುಗ್ಗಿತು.

“ಇಂಜಿನ್ ಶಕ್ತಿ ಹೋಗೈತೇನ್ರೀ?” ಎಂದು ಕೇಳಿದ ಕೊಟ್ರೇಶಪ್ಪ.

“ಶಕ್ತಿ ಹಂಗೇ ಐತಿ. ನಿನ್ನ ಕಾಲು ಎಷ್ಟು ತುಳಿದೈತಿ ಅನ್ನೋದು ಕಂಪ್ಯೂಟರಿಗೆ ನಂಬಿಕಿ ಬರವಲ್ದು. ನಂಬಿಕಿ ಇಲ್ಲದಾಗ ಅದು ಹಗೂರ ಹೋಗ್ತೈತಿ. ಮನುಷ್ಯಾರಿಗಿಂತ ಮೇಲು.”

ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ಬೋರ್ಡನ್ನು ಭೂತಗನ್ನಡಿಯ ಕೆಳಗೆ ಇಟ್ಟರು. ಐದು ವೋಲ್ಟು ಕೊಡುವ ಬಿಡಿಭಾಗದ ಒಂದು ಕಾಲಿನ ಸುತ್ತ ಬೆಸುಗೆ ಸಣ್ಣಗೆ ಬಿರುಕುಬಿಟ್ಟಿತ್ತು. ಬಿಸಿಯಾದಾಗ ಬಾಯಿ ಬಿಡುತ್ತದೆ, ತಣ್ಣಗಾದಾಗ ಮುಚ್ಚಿಕೊಳ್ಳುತ್ತದೆ. ಇಷ್ಟಕ್ಕೇ ಒಂದು ಹೆಂಗಸಿನ ಮುಖ ಬಾತಿತ್ತು.

ಆಚಾರ್ರು ಸೋಲ್ಡರಿಂಗ್ ಐರನ್ ಎತ್ತಿಕೊಂಡರು. ಹೊತ್ತು ಮಧ್ಯಾಹ್ನ ದಾಟಿತ್ತು. ಅದರ ತುದಿ ಗಾಳಿಯಲ್ಲಿ ಅಲ್ಲಾಡಿತು. ಕೆಳಗಿಟ್ಟರು.

“ನೀ ಹಾಕು,” ಎಂದರು.

ಈವರೆಗೆ ಹಾಲೇಶನಿಗೆ ಸಿಕ್ಕಿದ್ದು ಹಾರ್ನು, ಕಿಟಕಿ, ಏಸಿ ಇಂಥವುಗಳ ಸಣ್ಣ ಬೋರ್ಡು. ಇಂಜಿನ್ನಿನ ಬೋರ್ಡು ಇದೇ ಮೊದಲು.

“ಅರ್ತಾತಾ?”

“ಆತ್ರೀ.”

ಅವನು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡ, ಪೈಪಿನ ಕಡೆ ತಿರುಗಿ ಕೈಮುಗಿದ, ಕೂತ. ಬೋರ್ಡು ಮುಟ್ಟಿದಾಗ ಬೆರಳ ತುದಿಯಲ್ಲಿ ಚಟ್ ಅಂತು. ಒಣ ಹವೆಯಲ್ಲಿ ಅಂಗಿ ಬಿಚ್ಚುವಾಗ ಅನ್ನುತ್ತದಲ್ಲ, ಹಾಗೆ. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಬೆಸುಗೆ ಚೆನ್ನಾಗಿ ಬಂತು. ಆಚಾರ್ರು ಭೂತಗನ್ನಡಿಯಲ್ಲಿ ನೋಡಿ ತಲೆಯಾಡಿಸಿದರು. ಎರಡು ವರ್ಷದಲ್ಲಿ ಅವರು ತಲೆಯಾಡಿಸಿದ್ದು ಅದೇ ಮೊದಲಿರಬೇಕು.

ಬೋರ್ಡನ್ನು ವ್ಯಾನಿಗೆ ಕೂರಿಸಿದರು. ಕೊಟ್ರೇಶಪ್ಪ ಕೀಲಿ ತಿರುಗಿಸಿದ. ಸೆಲ್ಫು ಹೊಡೆಯಿತು, ಹೊಡೆಯಿತು, ಇಂಜಿನ್ನು ಹಿಡಿಯಲಿಲ್ಲ. ಹಾಲೇಶ ಸ್ಕ್ಯಾನರು ಚುಚ್ಚಿದ. ಈಗ ಒಂದು ಕೋಡೂ ಇಲ್ಲ. ಕಂಪ್ಯೂಟರೇ ಇಲ್ಲ ಎಂದಿತು ಪರದೆ.

“ಬರುವಾಗ ಮೂವತ್ತರಾಗಾದ್ರೂ ಬಂದಿತ್ತಲ್ರೀ,” ಎಂದ ಕೊಟ್ರೇಶಪ್ಪ. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಹಾಲೇಶನಿಗೆ ಎಷ್ಟೋ ಹಗುರಾಗುತ್ತಿತ್ತು.

ಆಚಾರ್ರು ಬೋರ್ಡನ್ನು ಮತ್ತೆ ಬಿಚ್ಚಿ ಒಳಗೆ ತಂದರು. ತಮ್ಮ ಬ್ಯಾಟರಿಯಿಂದ ಕರೆಂಟು ಕೊಟ್ಟು ನಡುವಿನ ದೊಡ್ಡ ಚಿಪ್ಪಿನ ಮೇಲೆ ಬೆರಳಿಟ್ಟರು. ಸುಡುತ್ತಿತ್ತು.

“ಬೆಸುಗಿ ಚಲೋ ಐತಿ. ಸತ್ತಿದ್ದು ಇದು. ಕೈಯಾಗಿನ ಕರೆಂಟು ಹೊಡೆದೈತಿ.”

“ಕೈಯಾಗ ಎಲ್ಲಿಂದ ಬಂತ್ರೀ ಕರೆಂಟು?”

“ಒಣ ಹವಾ. ನೈಲಾನ್ ಅಂಗಿ, ಪ್ಲಾಸ್ಟಿಕ್ ಕುರ್ಚಿ. ಅದಕ್ಕೆ ಕೇಳಿದ್ನಲ್ಲಪ್ಪ, ಅರ್ತಾತಾ ಅಂತ.”

“ಆಗಿತ್ರೀ. ಎಲ್ಲಿ ಹಾಕ್ಬೇಕು, ಎಷ್ಟು ಬಿಸಿ ಕೊಡ್ಬೇಕು, ಎಲ್ಲಾ ಆಗಿತ್ತು.”

ಆಚಾರ್ರು ಅವನ ಮುಖವನ್ನೇ ನೋಡಿದರು.

“ಏನಾಗಿತ್ತು?”

“ಅರ್ಥ ಆಗಿತ್ರೀ.”

ಆಚಾರ್ರು ಎದ್ದುಹೋಗಿ ಗೋಡೆಯ ಪೈಪಿನ ಮೇಲೆ ಅಂಗೈ ಇಟ್ಟರು. ಪೈಪಿನ ಬುಡದಿಂದ ಒಂದು ತಾಮ್ರದ ತಂತಿ ಹೊರಟು, ಗೋಡೆಯ ತೂತಿನಲ್ಲಿ ನುಗ್ಗಿ, ಹಿಂದಿನ ಗುಂಡಿಗೆ ಇಳಿದಿತ್ತು.

“ಇದು ಅರ್ತ್. ಅರ್ತಿಂಗ್ ಅಂತಾರಲ್ಲ, ಅದು. ಇದನ್ನ ಮುಟ್ಟಿದ್ರೆ ಮೈಯಾಗಿನ ಕರೆಂಟು ಭೂಮಿಗೆ ಇಳೀತೈತಿ. ಇದನ್ನ ಮುಟ್ಟಿದ್ಯಾ ಅಂತ ಕೇಳ್ತಿದ್ದೆ ನಾ. ಅರ್ತ್ ಆತಾ ಅಂತ.”

ಅರ್ಥ ಆತಾ, ಅರ್ತ್ ಆತಾ. ಹರಿಹರದ ಬಾಯಲ್ಲಿ ಬೇಗ ಅಂದರೆ ಎರಡೂ ಒಂದೇ.

“ಎರಡು ವರ್ಷದಿಂದ ಅದನ್ನೇ ಕೇಳ್ತಿದ್ರಾ?” ಎಂದ ಹಾಲೇಶ.

“ಎರಡು ವರ್ಷದಿಂದ.”

“ಮತ್ತೆ ಆ ಗುಂಡಿಗೆ ದಿನಾ ನೀರು ಹಾಕ್ತಿದ್ರಲ್ಲ?”

“ಅರ್ತ್ ಗುಂಡಿ. ಒಳಗ ಉಪ್ಪು, ಇದ್ದಿಲು ತುಂಬೀನಿ. ಒಣಗಿದ್ರೆ ಕೆಲಸ ಮಾಡಂಗಿಲ್ಲ. ನೀ ಏನಂತ ತಿಳ್ಕೊಂಡಿದ್ದಿ?”

“ಗಂಗವ್ವಗೆ ನಡ್ಕೊಳ್ತೀರಿ ಅಂತ.”

“ಅದಕ್ಕೆ ಪೈಪಿಗೆ ದೂರ ನಿಂತು ಕೈ ಮುಗೀತಿದ್ಯಾ?”

“ಹೂನ್ರೀ.”

“ನಾ ನೋಡಿದ್ದೆ. ಈ ಹಾಲೇಶ ಭಾಳ ದೈವಭಕ್ತ ಅಂದ್ಕೊಂಡಿದ್ದೆ.”

ನಗಬೇಕಾದ ಮಾತು. ಇಬ್ಬರಿಗೂ ನಗು ಬರಲಿಲ್ಲ.

“ಇಷ್ಟು ದಿನ ಒಂದು ಬೋರ್ಡೂ ಹೋಗ್ಲಿಲ್ಲಲ್ರೀ?”

“ಸಣ್ಣವು ತಡ್ಕೊಂಡ್ವು. ನಿನ್ನ ಪುಣ್ಯ.” ಆಚಾರ್ರು ಕುರ್ಚಿಗೆ ಒರಗಿದರು. “ಪುಣ್ಯ ಇವತ್ತಿಗೆ ತೀರ್ತು.”

ಕೊಟ್ರೇಶಪ್ಪ ಬಾಗಿಲಲ್ಲಿ ಬಂದು ನಿಂತಿದ್ದ. ಅವನು ಬೇರೆ ಗಾಡಿಗಾಗಿ ನಾಲ್ಕು ಕಡೆ ಫೋನು ಮಾಡಿ ಬಂದಿದ್ದ. ಮದುವೆಯ ಕಾಲ, ಒಂದೂ ಖಾಲಿ ಇಲ್ಲ. ಅಂಬುಲೆನ್ಸಿನವರು ನೋಡೋಣ ಎಂದಿದ್ದರು. ಅವರ ನೋಡೋಣ ಅವನಿಗೆ ಗೊತ್ತಿತ್ತು.

“ಏನಾತ್ರೀ ಆಚಾರ್ರೇ? ಹೆಂಗ್ ಹೋತು ಅದು?”

ಹಾಲೇಶ ಬಾಯಿ ತೆರೆದ.

“ನನ್ನ ಕೈಯಿಂದ ಹೋತು, ಕೊಟ್ರೇಶಪ್ಪ,” ಎಂದರು ಆಚಾರ್ರು. “ಹಾಲೇಶಿ, ಆ ಐರನ್ ಆಫ್ ಮಾಡು. ಸುಮ್ನೆ ಕಾಯಾಕತ್ತೈತಿ.”

ಹಾಲೇಶ ಹೋಗಿ ಸ್ವಿಚ್ಚು ಆರಿಸಿದ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನಾಚಿಕೆಯಾಯಿತು, ಭಯವಾಯಿತು, ಜೊತೆಗೆ ಒಂದಿಷ್ಟು ನೆಮ್ಮದಿಯೂ ಆಯಿತು. ಆ ನೆಮ್ಮದಿಗೇ ಅವನಿಗೆ ಹೆಚ್ಚು ನಾಚಿಕೆಯಾದದ್ದು.

“ಹೊಸದು ಸಿಗ್ತೈತೇನ್ರೀ?”

“ಈ ಗಾಡಿಗೆ ಹೊಸದು ಮಾಡೋದು ಬಿಟ್ಟಾರ. ಹಳೇದು ಹುಡುಕಿ ತರಿಸಾಕ ನಾಕು ದಿನ ಬೇಕು.”

ಕೊಟ್ರೇಶಪ್ಪ ಟೈರಿನ ಮೇಲೆ ಕೂತುಬಿಟ್ಟ. ನಾಲ್ಕು ದಿನ ಎಂಬುದನ್ನು ಅವನು ಲೆಕ್ಕ ಹಾಕಲೂ ಇಲ್ಲ.

ಆಚಾರ್ರು ಸ್ಪ್ಯಾನರು ತೆಗೆದುಕೊಂಡು ಹೊರಗೆ ಹೋದರು. ಗೋಡೆಯ ನೆರಳಿನಲ್ಲಿ ಅವರ ಹಳೇ ಕಾರು ನಿಂತಿತ್ತು. ವ್ಯಾನು ಮಾಡಿದ ಕಂಪನಿಯದೇ ಅದು, ಇಂಜಿನ್ನೂ ಒಂದೇ, ಕಂಪ್ಯೂಟರೂ ಒಂದೇ. ಮೊಣಕಾಲು ಹೋದ ಮೇಲೆ ಅವರು ಮನೆಗೆ ಹೋಗಿಬರುತ್ತಿದ್ದದ್ದು ಅದರಲ್ಲೇ.

ಬಾನೆಟ್ಟು ಎತ್ತಿದರು. ಕಂಪ್ಯೂಟರು ಬಿಚ್ಚಿಕೊಂಡು ಬಂದು ಮೇಜಿನ ಮೇಲಿಟ್ಟರು.

“ಮತ್ತೆ ನೀವು ಮನೀಗೆ ಹೆಂಗ್ ಹೋಗ್ತೀರಿ?” ಎಂದ ಹಾಲೇಶ.

“ನಡೀತೀನಿ. ತಡ ಆಗ್ತೈತಿ, ಅಷ್ಟೇ.”

ಆದರೆ ಕಾರಿನದನ್ನು ಬಿಚ್ಚಿ ವ್ಯಾನಿಗೆ ಸಿಕ್ಕಿಸಿದರೆ ಆಗುವ ಕೆಲಸವಲ್ಲ ಅದು. ಕಂಪ್ಯೂಟರು ತನ್ನ ಗಾಡಿಯ ಕೀಲಿಯನ್ನು ಮಾತ್ರ ಗುರುತು ಹಿಡಿಯುತ್ತದೆ. ಆ ಗುರುತು ಬೋರ್ಡಿನ ಮೂಲೆಯ ಎಂಟು ಕಾಲಿನ ಒಂದು ಚಿಪ್ಪಿನಲ್ಲಿರುತ್ತದೆ, ಜೋಳದ ಕಾಳಿನಷ್ಟೇ ಇರುವ ಚಿಪ್ಪು. ಸತ್ತ ಬೋರ್ಡಿನಿಂದ ಅದನ್ನು ಬಿಡಿಸಿ ಬದುಕಿರುವ ಬೋರ್ಡಿಗೆ ಹಾಕಬೇಕು. ಅದು ಕೆಟ್ಟರೆ ಊರಲ್ಲಿ ಮತ್ತೊಂದಿಲ್ಲ.

“ಕೂತ್ಕೋ,” ಎಂದರು ಆಚಾರ್ರು.

“ನಾ ಮುಟ್ಟಂಗಿಲ್ರೀ.”

“ಯಾಕ?”

“ನಾಳಿಂದ ಪಂಪಿನ ಕೆಲಸಕ್ಕೇ ಹೋಗ್ತೀನಿ. ಪಂಪು ಕೈ ತಾಗಿದ್ರೆ ಸಾಯಂಗಿಲ್ಲ.”

ಆಚಾರ್ರು ತಮ್ಮ ಬಲಗೈಯನ್ನು ಅವನ ಮುಂದೆ ಚಾಚಿದರು. ಬೆರಳುಗಳು ತಮ್ಮ ಪಾಡಿಗೆ ತಾವು ಅದುರುತ್ತಿದ್ದವು.

“ಇದು ಎಂಟು ಕಾಲಿಗೆ ಹದಿನಾರು ಕಡೆ ಬೆಸುಗಿ ಹಾಕ್ತೈತಿ. ಊರಾಗ ಈ ಕೆಲಸಕ್ಕೆ ಇನ್ಯಾರಾದ್ರೂ ಅದಾರೇನು?”

“ಇಲ್ರೀ.”

“ಹಂಗಾದ್ರೆ ನಾಳೆ ಹೋಗು. ಇವತ್ತು ಕೂತ್ಕೋ.”

ಹಾಲೇಶ ಹೊರಗೆ ನೋಡಿದ. ಕೊಟ್ರೇಶಪ್ಪ ಮನೆಗೆ ಫೋನು ಮಾಡಿ, ಹೆಂಗೈತಿ ಈಗ, ಉಸಿರು ಆಡ್ತೈತಾ ಎಂದು ಕೇಳುತ್ತಿದ್ದ.

ಆಚಾರ್ರು ಪ್ಲಾಸ್ಟಿಕ್ ಕುರ್ಚಿಯನ್ನು ಕಾಲಿನಿಂದಲೇ ಬಾಗಿಲಾಚೆ ನೂಕಿದರು. ಒಂದು ಮರದ ಸ್ಟೂಲು ತಂದಿಟ್ಟರು. ಹಾಲೇಶನ ನೈಲಾನ್ ಅಂಗಿ ಬಿಚ್ಚಿಸಿದರು. ಬರೀ ಬನೀನಿನಲ್ಲಿ ಅವನು ನಿಂತ.

ಇನ್ನೇನು ಕೇಳುತ್ತಾರೆ ಎಂದು ಅವನು ಕಾದ. ಆಚಾರ್ರು ಕೇಳಲಿಲ್ಲ. ಅವನ ಮುಂಗೈ ಹಿಡಿದುಕೊಂಡು ಹೋಗಿ ಪೈಪಿನ ಮೇಲೆ ಇಟ್ಟು, ಪಕ್ಕದಲ್ಲೇ ನಿಂತು ನೋಡಿದರು. ಪೈಪು ತಣ್ಣಗಿತ್ತು. ಎರಡು ವರ್ಷದಲ್ಲಿ ಹಾಲೇಶ ಅದನ್ನು ಮುಟ್ಟಿದ್ದು ಇದೇ ಮೊದಲು. ಮುಟ್ಟಿದವನು ಬಿಡಲೇ ಇಲ್ಲ.

“ಸಾಕು ಬಾ,” ಎಂದರು ಆಚಾರ್ರು. “ಅದರ ಕೂಡ ಸಂಸಾರ ಮಾಡೋದಿಲ್ಲ.”

ಒಂದು ತಾಮ್ರದ ತಂತಿಯನ್ನು ಅವನ ಎಡ ಮುಂಗೈಗೆ ಸುತ್ತಿ, ಇನ್ನೊಂದು ತುದಿಯನ್ನು ಪೈಪಿಗೆ ಬಿಗಿದರು. ಕಟ್ಟಿಹಾಕಿದ ಕರುವಿನ ಹಾಗೆ ಹಾಲೇಶ ಸ್ಟೂಲಿನ ಮೇಲೆ ಕೂತ.

ಎಂಟು ಕಾಲು ಬಿಡಿಸಲು ಅರ್ಧ ತಾಸು, ಎಂಟು ಕಾಲು ಕೂರಿಸಲು ಅರ್ಧ ತಾಸು. ಬೆವರು ಮೂಗಿನ ತುದಿಗೆ ಬಂದಾಗ ಆಚಾರ್ರು ತಮ್ಮ ಟವೆಲಿನಿಂದ ಒರೆಸಿದರು. ಅವರು ಒಮ್ಮೆಯೂ ಬೋರ್ಡಿನ ಕಡೆ ನೋಡಲಿಲ್ಲ. ಅವನ ಕೈಯನ್ನೇ ನೋಡುತ್ತಿದ್ದರು.

ಹೊತ್ತು ಮುಳುಗುವ ಮೊದಲು ವ್ಯಾನಿಗೆ ಬೋರ್ಡು ಕೂತಿತು. ಕೊಟ್ರೇಶಪ್ಪ ಕೀಲಿ ತಿರುಗಿಸಿದ. ಇಂಜಿನ್ನು ಒಂದೇ ಸಲಕ್ಕೆ ಹಿಡಿಯಿತು. ಮೂವರೂ ಬೈಪಾಸಿನ ಏರಿನವರೆಗೆ ಹೋಗಿ, ಚೆನ್ನಾಗಿ ಕಾಯಿಸಿ, ಮತ್ತೆ ಏರು ಹತ್ತಿಸಿ ನೋಡಿದರು. ಮುಳ್ಳು ಎಪ್ಪತ್ತು ದಾಟಿತು. ಐದು ವೋಲ್ಟು ಐದಾಗಿಯೇ ಇತ್ತು.

ಯಾರೂ ಸಂಭ್ರಮಿಸಲಿಲ್ಲ. ಅಷ್ಟು ಶಕ್ತಿ ಯಾರಿಗೂ ಉಳಿದಿರಲಿಲ್ಲ.

ಮರುದಿನ ಒಂಬತ್ತಕ್ಕೆ ಶೆಡ್ಡಿಗೆ ಫೋನು ಬಂತು. ಆಚಾರ್ರು ಇನ್ನೂ ಬಂದಿರಲಿಲ್ಲ. ಹಾಲೇಶ ಎತ್ತಿಕೊಂಡ.

“ಮುಟ್ಟಿದ್ವಪ್ಪ. ಏರಿನಾಗ ಎಲ್ಲೂ ನಿಲ್ಲಲಿಲ್ಲ,” ಎಂದ ಕೊಟ್ರೇಶಪ್ಪ. “ಚಂದ್ರವ್ವನ್ನ ಮಷೀನಿಗೆ ಹಾಕ್ಯಾರ. ಈಗ ಹಗೂರ ಆಗೈತಿ, ನಿದ್ದಿ ಹತ್ತೈತಿ.”

“ಚಲೋ ಆತ್ರೀ.”

“ನೋಡು, ಬ್ಯಾಸರ ಮಾಡ್ಕೋಬೇಡ. ಆಚಾರ್ರಿಗೆ ವಯಸ್ಸಾತು, ಕೈ ನಿಲ್ಲವಲ್ದು. ನಿನ್ನೆ ನೀ ಇರದಿದ್ರೆ ನಮ್ಮ ಗತಿ ಏನಾಗ್ತಿತ್ತು? ಇನ್ಮೇಲೆ ಅವರ ಕೈಗೆ ಬೋರ್ಡು ಕೊಡಬ್ಯಾಡ. ನಾನೂ ನಾಕು ಮಂದಿಗೆ ಹೇಳ್ತೀನಿ, ಹಾಲೇಶನ ಕೈಲೇ ಮಾಡಿಸ್ರಿ ಅಂತ.”

ಹಾಲೇಶ ಏನಾದರೂ ಹೇಳುವ ಮೊದಲೇ ಕೊಟ್ರೇಶಪ್ಪ, ನರ್ಸು ಕರೆಯುತ್ತಿದ್ದಾಳೆ ಎಂದು ಫೋನು ಇಟ್ಟ.

ಹತ್ತು ಗಂಟೆಗೆ ಆಚಾರ್ರು ನಡೆದುಕೊಂಡು ಬಂದರು. ಎರಡು ಕಡೆ ಕೂತು ಬಂದಿರಬೇಕು. ಪಂಚೆಯ ಹಿಂದೆ ಧೂಳಿತ್ತು. ಬಾಗಿಲ ಹತ್ತಿರ ನಿಂತು ಉಸಿರು ತೆಗೆದುಕೊಂಡರು.

“ಫೋನು ಬಂತಾ?”

“ಬಂತ್ರೀ. ಮುಟ್ಟ್ಯಾರ. ಮಷೀನಿಗೆ ಹಾಕ್ಯಾರ.”

ಆಚಾರ್ರು ಕಣ್ಣು ಮುಚ್ಚಿ ತೆರೆದರು. ಸ್ಟೂಲಿನ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳತೊಡಗಿದರು.

ಹಾಲೇಶ ಅವರ ಮುಂದೆ ಹೋಗಿ ನಿಂತ. ರಾತ್ರಿಯೆಲ್ಲ ಅವನಿಗೆ ನಿದ್ದೆ ಬಂದಿರಲಿಲ್ಲ.

“ನಿಮ್ಮ ಕೈ ನಿಲ್ಲವಲ್ದು ಅಂತ ಊರಿಗೆಲ್ಲಾ ಹೇಳ್ತಾನಂತ ಅವ. ಐವತ್ತು ವರ್ಷದ ಹೆಸರು ನಿಮ್ದು. ನನ್ನ ಸಲುವಾಗಿ ಹಾಳು ಮಾಡ್ಕೊಂಡ್ರಿ. ಸಂಜಿಗೆ ಅವ ಬಂದ ಕೂಡ್ಲೇ ನಿಜ ಹೇಳ್ತೀನಿ.”

“ಯಾವ ನಿಜ?”

“ಬೋರ್ಡು ಕೆಡಿಸಿದ್ದು ನಾನು. ನೀವು ಯಾಕ ಸುಳ್ಳು ಹೇಳಿದ್ರಿ?”

ಆಚಾರ್ರು ಮೊಣಕಾಲು ಒತ್ತುವುದನ್ನು ನಿಲ್ಲಿಸಲಿಲ್ಲ.

“ಸುಳ್ಳು ಎಲ್ಲಿ ಹೇಳಿದ್ನೋ? ಎರಡು ವರ್ಷ ನಿನ್ನ ಬಾಯಿ ಕೇಳಿ ಬೋರ್ಡು ಕೊಟ್ಟೆ, ಒಂದು ದಿನಾನೂ ಕೈ ನೋಡ್ಲಿಲ್ಲ. ನಿನ್ನೆ ಆದ ತಪ್ಪು ನಂದು. ಇವತ್ತಿಂದ ನಿಂದು.”